ಅಂಬಿಗನ ಬೆಳ್ಳಿ ಪದಕ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹತ್ತಿರ ಜರ್ಮನ್ ಕಲಿಯಲು ಬರುವ ನರ್ಸ್ ಹುಡುಗಿಯರು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಸುಳ್ಳೇನಲ್ಲ. ದೇವರಾಜ ಮೊಹಲ್ಲಾದ ನಮ್ಮ ಮನೆಯ ಮಹಡಿಯಲ್ಲಿ ಬೆಳಗ್ಗೆ ಏಳಕ್ಕೆ ಪಾಠ ಶುರುವಾಗುತ್ತದೆ. ತಡವಾಗಿ ಬಂದವರಿಗೆ ಅವತ್ತು ಬೈಗುಳವೇ ಮೊದಲ ಪಾಠ. ಆ ದೇಶದ ಆಸ್ಪತ್ರೆಗಳಿಗೆ ಹೋಗಬೇಕಾದವರು ಅವರು. ಅಲ್ಲಿ ರೋಗಿಯೊಬ್ಬ ನೋವು ಎಂದರೆ ಇವರು ತಬ್ಬಿಬ್ಬಾಗಿ ನಿಲ್ಲಬಾರದು ಎಂಬುದಷ್ಟೇ ನನ್ನ ಆಸೆ. ನಾನಾದರೋ ಆ ದೇಶವನ್ನು ಕಣ್ಣಾರೆ ಕಂಡವಳಲ್ಲ. ಸಂಶೋಧನಾಲಯವೊಂದರಲ್ಲಿ ಕೂತು, ಹಿಟ್ಟಿಗೆ ಹುಳು ಹೇಗೆ ಬೀಳುತ್ತದೆ, ಕಡಲೆಕಾಯಿ ಎಣ್ಣೆ ಹೇಗೆ ಕಮಟಾಗುತ್ತದೆ ಎಂಬ ಜರ್ಮನ್ ಲೇಖನಗಳನ್ನು ಮೂವತ್ತು ವರ್ಷ ಅನುವಾದಿಸಿ ನಿವೃತ್ತಳಾದವಳು. ಅಷ್ಟು ವರ್ಷ ಆ ಭಾಷೆಯ ಜೊತೆ ಸಂಸಾರ ಮಾಡಿದರೂ ಅದನ್ನು ಓದಿ ಕಣ್ಣಲ್ಲಿ ನೀರು ಬಂದದ್ದು ಒಂದೇ ಒಂದು ಸಲ. ಅದು ಕಳೆದ ವರ್ಷ.

ಶ್ರಾವಣ ಮುಗಿಯುವ ಹೊತ್ತಿಗೆ ಲಷ್ಕರ್ ಮೊಹಲ್ಲಾದಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಹಳೆಯ ನಾಣ್ಯ ಮತ್ತು ಪದಕಗಳನ್ನು ಕೂಡಿಡುವ ಹುಚ್ಚಿನವರು. ಕಾಫಿ ಲೋಟ ಕೆಳಗಿಡುವ ಮೊದಲೇ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದರು.

"ಮೇಡಂ, ದಸರಾ ಟೈಮಲ್ಲಿ ನಾವು ನಾಣ್ಯದ ಗೆಳೆಯರೆಲ್ಲ ಸೇರ್ಕೊಂಡು ಒಂದು ಪ್ರದರ್ಶನ ಮಾಡ್ತಾ ಇದೀವಿ. ಇದಕ್ಕೆ ಕನ್ನಡದಲ್ಲಿ ನಾಲ್ಕು ಸಾಲು ಬರ್ಕೊಟ್ಬುಡಿ. ಯುದ್ಧದ ಪದಕ ಕಣ್ರೀ, ಯಾವ್ದೋ ಜರ್ಮನ್ ಸಿಪಾಯಿದು."

ಯಾರೋ ಹಳೆಯ ಮನೆ ಖಾಲಿ ಮಾಡುವಾಗ ಒಂದು ರಾಶಿ ಸಾಮಾನಿನ ಜೊತೆ ಅದು ಅವರ ಕೈಗೆ ಬಂದಿತ್ತಂತೆ. ಮೈಸೂರಿಗೆ ಹೇಗೆ ಬಂತು, ಯಾರು ತಂದರು, ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಾಗಲಿಲ್ಲ. ಬೆಳ್ಳಿಯದು, ಹಳೆಯ ಎಂಟಾಣೆಗಿಂತ ತುಸು ದೊಡ್ಡದು. ಒಂದು ಮುಖದಲ್ಲಿ ಪಕ್ಕಕ್ಕೆ ತಿರುಗಿದ ರಾಜನ ತಲೆ. ಇನ್ನೊಂದು ಮುಖದಲ್ಲಿ ಓಕ್ ಮರದ ಎಲೆಗಳ ಮಾಲೆ, ಅದರ ನಡುವೆ ಅಕ್ಷರಗಳು. ಮಾಸಿದ ಕಿತ್ತಳೆ ಬಣ್ಣದ ಪಟ್ಟಿ, ಅದರ ಎರಡೂ ಅಂಚಿಗೆ ಬಿಳಿ. ಕನ್ನಡಕ ಏರಿಸಿ ಓದಿದೆ: ಫ್ಯೂರ್ ರೆಟ್ಟುಂಗ್ ಔಸ್ ಗೆಫಾರ್.

"ಯುದ್ಧದ್ದಲ್ಲ ರೀ ಇದು," ಎಂದೆ. "ಅಪಾಯದಿಂದ ಪಾರು ಮಾಡಿದ್ದಕ್ಕೆ ಅಂತ ಬರೆದಿದೆ. ಯಾರನ್ನೂ ಕೊಂದಿದ್ದಕ್ಕಲ್ಲ, ಯಾರನ್ನೋ ಉಳಿಸಿದ್ದಕ್ಕೆ."

ಅವರ ಮುಖ ಸ್ವಲ್ಪ ಸಣ್ಣದಾಯಿತು. ಯುದ್ಧದ ಪದಕವಾದರೆ ನೋಡುವವರು ಹೆಚ್ಚು. "ಹೋಗ್ಲಿ ಬುಡಿ, ಅದನ್ನೇ ಬರೀರಿ," ಎಂದು ಡಬ್ಬಿಯ ತಳದಿಂದ ನಾಲ್ಕಾಗಿ ಮಡಚಿದ ದಪ್ಪ ಹಾಳೆಯೊಂದನ್ನೂ ತೆಗೆದು ಕೊಟ್ಟರು. ಪದಕದ ಜೊತೆ ಕೊಡುತ್ತಿದ್ದ ಪ್ರಮಾಣಪತ್ರ. ಅರ್ಧ ಅಚ್ಚಿನದು, ಉಳಿದರ್ಧ ಆ ಕಾಲದ ಜರ್ಮನ್ ಕೈಬರಹ. ಈ ಕಾಲದ ಜರ್ಮನರಿಗೇ ಓದಲು ಬಾರದ ಬರಹ ಅದು. ಅಕ್ಷರವೆಲ್ಲ ಒಂದೇ ಸಮನೆ ಮುಳ್ಳುಮುಳ್ಳು. ಒಂದು ಭೂತಗನ್ನಡಿ ಹಿಡಿದು ನಾಲ್ಕು ದಿನ ಅದರ ಜೊತೆ ಗುದ್ದಾಡಿದೆ. ನನಗೆ ಬಾರದು ಎಂದು ಹೇಳಲು ನಾಲಿಗೆ ಹೊರಳದ ಜಂಬದವಳು ನಾನು, ಅದಕ್ಕೇ ಬಿಡಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಸಾಲು ಬಿಡಿಸಿಕೊಂಡಿತು. ಇಂಥ ನದಿಯಲ್ಲಿ ದೋಣಿ ನಡೆಸುವ ಇಂಥವನು, ಇಂಥ ದಿನ, ತನ್ನ ಜೀವದ ಹಂಗು ತೊರೆದು ನೀರಿಗಿಳಿದು, ಇಂಥ ಊರಿನ ಶಾಲಾ ಮೇಷ್ಟರ ಒಂಬತ್ತು ವರ್ಷದ ಮಗಳನ್ನು ಮುಳುಗಿ ಸಾಯದಂತೆ ಉಳಿಸಿದ್ದಾನೆಂದು, ಸಾಕ್ಷಿಗಳನ್ನು ವಿಚಾರಿಸಿ ಖಚಿತವಾದ್ದರಿಂದ, ಈ ಪದಕವನ್ನು ಎದೆಯ ಮೇಲೆ ಧರಿಸಲು ಅಪ್ಪಣೆಯಾಗಿದೆ. ಅಷ್ಟೇ ಇದ್ದದ್ದು.

ಕನ್ನಡದಲ್ಲಿ ಬರೆಯಲು ಹಾಳೆ ತೆಗೆದುಕೊಂಡೆ. 'ಒಂಬತ್ತು ವರ್ಷದ ಮಗಳನ್ನು' ಎಂದು ಬರೆದು ಮುಂದಕ್ಕೆ ಹೋಗಲಾಗಲಿಲ್ಲ. ಕಣ್ಣು ತುಂಬಿಕೊಂಡು ಬಂತು. ಆ ಮೇಷ್ಟರ ಮಗಳಿಗಾಗಿ ಅಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ನನ್ನನ್ನೂ ಒಬ್ಬ ನೀರಿನಿಂದ ಎತ್ತಿದ್ದ, ಅವನಿಗೆ ನಾವು ಏನೂ ಮಾಡಿರಲಿಲ್ಲ. ಒಂದು ಮಾತು ಕೂಡ ಹೇಳಿರಲಿಲ್ಲ.

ಅದನ್ನು ಹೇಳಿಬಿಡುತ್ತೇನೆ. ನಮ್ಮ ತಂದೆಗೆ ಮಾರ್ಕೆಟ್ಟಿನ ಪಕ್ಕದಲ್ಲಿ ಪಾತ್ರೆ ಅಂಗಡಿ ಇತ್ತು. ನಮ್ಮದು ಶಿವಭಕ್ತರ ಮನೆ. ವರ್ಷಕ್ಕೆ ಎರಡು ಸಲವಾದರೂ ನಂಜನಗೂಡಿಗೆ ಹೋಗಿ, ಕಪಿಲೆಯಲ್ಲಿ ಮುಳುಗಿ, ನಂಜುಂಡೇಶ್ವರನ ದರ್ಶನ ಮಾಡಿ ಬರುವುದು ತಪ್ಪುತ್ತಿರಲಿಲ್ಲ. ಆ ಸಲ ಹೊಳೆ ತುಂಬಿತ್ತು. ಅಪ್ಪ, ಅಮ್ಮ, ಅಜ್ಜಿ, ಹದಿನೈದು ವರ್ಷದ ಅಣ್ಣ, ನಾನು. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿತು. ನನಗೆ ನೆನಪಿರುವುದು ಮೂರೇ ಸಂಗತಿ. ನೀರಿನೊಳಗೆ ಎಲ್ಲ ಹಸಿರಾಗಿ ಕಂಡದ್ದು, ಯಾರೋ ನನ್ನ ಜಡೆಗೆ ಕೈ ಹಾಕಿ ಎಳೆದದ್ದು, ಅದು ಬಹಳ ನೋವಾದದ್ದು. ಕಣ್ಣು ಬಿಟ್ಟದ್ದು ಮೈಸೂರಿನ ಆಸ್ಪತ್ರೆಯಲ್ಲಿ, ಮಾರನೆಯ ದಿನ. ದರ್ಶನಕ್ಕೆ ಬಂದಿದ್ದ ಯಾರೋ ಪುಣ್ಯಾತ್ಮರು ತಮ್ಮ ಕಾರಿನಲ್ಲಿ ಅಪ್ಪ ಅಮ್ಮನ ಜೊತೆ ನನ್ನನ್ನು ಹಾಕಿಕೊಂಡು ಬಂದಿದ್ದರಂತೆ.

ಆಮೇಲೆ ಅಮ್ಮ ನಂಜುಂಡೇಶ್ವರನಿಗೆ ಹರಕೆ ತೀರಿಸಿದಳು. ಅಕ್ಕಸಾಲಿಗನ ಹತ್ತಿರ ಬೆರಳುದ್ದದ ಒಂದು ಬೆಳ್ಳಿಯ ಹುಡುಗಿಯನ್ನು ಮಾಡಿಸಿ ಹುಂಡಿಗೆ ಹಾಕಿದಳು. ಕಣ್ಣು ನೋವಿಗೆ ಬೆಳ್ಳಿಯ ಕಣ್ಣು, ಕಾಲಿಗೆ ಬೆಳ್ಳಿಯ ಕಾಲು, ಪೂರಾ ಜೀವಕ್ಕೆ ಪೂರಾ ಗೊಂಬೆ. ನಮ್ಮ ಕಡೆ ಹಾಗೆಯೇ. ಮನೆಗೆ ಬಂದ ನೆಂಟರಿಗೆಲ್ಲ ಅಮ್ಮ ಈ ಕತೆ ಹೇಳುತ್ತಿದ್ದಳು. ಮೊದಮೊದಲು ಅದರಲ್ಲಿ 'ಒಬ್ಬ ಹುಡುಗ, ಲಾರಿ ಕ್ಲೀನರ್, ಹಾರಿ ಎತ್ತಿದ' ಎಂಬ ಮಾತಿತ್ತು. ವರ್ಷ ಹೋದ ಹಾಗೆ ಅವನು 'ಯಾರೋ' ಆದ. ನನ್ನ ಮದುವೆಯ ಹೊತ್ತಿಗೆ ಕತೆಯಲ್ಲಿ ದೇವರು, ಹೊಳೆ, ನಾನು, ಮೂವರೇ ಉಳಿದಿದ್ದೆವು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಗಾದೆ ಮಾಡಿದ ಜನ ನಾವು. ಮಾಡಿದ್ದು ಗಾದೆಯೊಂದನ್ನೇ ಅಲ್ಲ, ಹಾಗೆ ನಡೆದುಕೊಂಡೂ ಇದ್ದೇವೆ. ಮೇಜಿನ ಮೇಲೆ ಎಲ್ಲಿಯದೋ ಅಂಬಿಗನಿಗೆ ಎಲ್ಲಿಯದೋ ಸರಕಾರ ಕೊಟ್ಟ ಬೆಳ್ಳಿ. ನಮ್ಮ ಮನೆಯ ಬೆಳ್ಳಿ ಹುಂಡಿಗೆ ಹೋಯಿತು. ನಂಜುಂಡ ನನ್ನನ್ನು ಉಳಿಸಲಿಲ್ಲ ಎಂದು ನಾನು ಹೇಳುವುದಿಲ್ಲ, ಇವತ್ತಿಗೂ ಸೋಮವಾರ ಒಪ್ಪತ್ತು ಮಾಡುವವಳು. ಆದರೆ ಜಡೆಗೆ ಕೈ ಹಾಕಿದವನಿಗೆ ಒಂದು ಕೈ ಇತ್ತಲ್ಲ, ಆ ಕೈಗೆ ಒಂದು ಮೈ ಇತ್ತಲ್ಲ.

ಆ ವಾರ ಈ ಪದಕಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನ್ನ ಮೇಜಿನ ಮೇಲಿದ್ದದ್ದು ಆಗಿನ ಜರ್ಮನಿಯ ಪ್ರಷ್ಯ ಸಂಸ್ಥಾನದ ರಾಜರು ಕೊಡುತ್ತಿದ್ದ ಪದಕ. ಬವೇರಿಯ, ಸ್ಯಾಕ್ಸನಿ ಮೊದಲಾದ ಸಂಸ್ಥಾನಗಳಿಗೂ ಅವರವರದೇ ಪದಕಗಳಿದ್ದವು. ಉಳಿಸಿದವನು ತನ್ನ ಜೀವವನ್ನೂ ಪಣಕ್ಕಿಟ್ಟಿದ್ದರೆ ಎದೆಗೆ ಧರಿಸುವ ಪದಕ. ಅಷ್ಟು ಅಪಾಯವಿಲ್ಲದಿದ್ದರೆ ಪೆಟ್ಟಿಗೆಯಲ್ಲಿಟ್ಟುಕೊಳ್ಳುವ ಬೇರೆ ಪದಕ. ರಾಜರು ಹೋದರು, ಪದಕ ಉಳಿಯಿತು. ಲಕ್ಷ ಲಕ್ಷ ಜನರನ್ನು ಕೊಂದ ಸರಕಾರ ಬಂತು. ಅದೂ ಒಂದು ಕೈಯಲ್ಲಿ ಕೊಲ್ಲುತ್ತ ಇನ್ನೊಂದು ಕೈಯಲ್ಲಿ ಜೀವ ಉಳಿಸಿದವರಿಗೆ ಪದಕ ಕೊಡುತ್ತಿತ್ತು. ಇದನ್ನು ಓದಿ ಮೈ ಉರಿದುಹೋಯಿತು. ಈಗಲೂ ಅಲ್ಲಿನ ರಾಜ್ಯಗಳು ಕೊಡುತ್ತವಂತೆ. ಪದಕ ಕೊಟ್ಟ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ನನ್ನ ಮನಸ್ಸು ನಿಂತದ್ದು ಪದಕದ ಮೇಲಲ್ಲ, ಆ ಹಾಳೆಯ 'ಸಾಕ್ಷಿಗಳನ್ನು ವಿಚಾರಿಸಿ' ಎಂಬ ಮಾತಿನ ಮೇಲೆ. ಯಾರೋ ಒಬ್ಬ ಗುಮಾಸ್ತ ಆ ಅಂಬಿಗನ ಮನೆ ಬಾಗಿಲಿಗೆ ಹೋಗಿ ಏನಾಯಿತೆಂದು ಕೇಳಿದ್ದಾನೆ. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ.

ನನಗೆ ಅರವತ್ತೆರಡು ತುಂಬಿತ್ತು. ಅವನು ಆಗ ಎಷ್ಟು ವರ್ಷದವನಿದ್ದನೋ, ಈಗ ಎಪ್ಪತ್ತು ದಾಟಿರಬೇಕು, ಇದ್ದರೆ. ಅವನು ಹೋಗುವ ಮುಂಚೆ, ಅಥವಾ ನಾನು ಹೋಗುವ ಮುಂಚೆ, ಒಂದು ಸಲ ಎದುರಿಗೆ ನಿಂತು ನಿಮ್ಮಿಂದ ಬದುಕಿದೆ ಎಂದು ಹೇಳಬೇಕು. ಇದೊಂದು ತಲೆಗೆ ಹೊಕ್ಕ ಮೇಲೆ ಪಾಠದಲ್ಲೂ ಮನಸ್ಸು ನಿಲ್ಲಲಿಲ್ಲ. ಹುಡುಗಿಯರು ತಪ್ಪು ಹೇಳಿದರೂ ಬೈಯದೆ ಸುಮ್ಮನಿದ್ದೆ. ಅದನ್ನು ನೋಡಿ ಅವರಿಗೇ ಗಾಬರಿಯಾಯಿತು.

ಅಣ್ಣ ಎರಡು ಬೀದಿ ಆಚೆ ಇದ್ದಾನೆ. ಮಂಡಿ ನೋವು, ಸಕ್ಕರೆ ಕಾಯಿಲೆ, ಟೀವಿ. ಹೋಗಿ ನೇರವಾಗಿ ಕೇಳಿದೆ.

"ನನ್ನನ್ನ ಹೊಳೆಯಿಂದ ಎತ್ತಿದೋನು ಯಾರು ಅಣ್ಣ?"

"ಈಗ್ಯಾಕೆ ಅದು? ಬುಡು ಕಣೇ, ಎಷ್ಟು ವರ್ಷ ಆಯ್ತು."

"ನಿನಗೆ ಗೊತ್ತಾ, ಇಲ್ವಾ?"

ಅವನು ಟೀವಿಯ ಸದ್ದು ಇಳಿಸಿದ. "ಹೆಸರು ಗೊತ್ತಿಲ್ಲ. ಕೆಳಗಡೆ ಲಾರಿ ತೊಳೀತಿದ್ದ. ಹತ್ತೊಂಬತ್ತೋ ಇಪ್ಪತ್ತೋ ಇರ್ಬೇಕು. ನಿನ್ನನ್ನ ಕಾರಲ್ಲಿ ಕಳಿಸಿದ್ಮೇಲೆ ನಾನೂ ಅಜ್ಜೀನೂ ಉಳ್ಕೊಂಡ್ವಲ್ಲ, ಆವಾಗ ನಡುಗ್ತಾ ನಿಂತಿದ್ದ. ನನ್ನ ಟವೆಲ್ ಕೊಟ್ಟೆ. ಯಾವೂರು ಅಂದೆ, ಮಂಡಕಳ್ಳಿ ಅಂದ. ನಿಮ್ಮದೆಲ್ಲಿ ಅಂತ ಅವನೂ ಕೇಳ್ದ, ಅಂಗಡಿ ಹೇಳ್ದೆ."

"ಮತ್ತೆ?"

"ಅಜ್ಜಿ ಕೇಳಿದ್ರು, ನೀನು ಯಾರ ಪೈಕಿ ಅಂತ. ಹೇಳ್ದ." ಅಣ್ಣ ನನ್ನ ಮುಖ ನೋಡಲಿಲ್ಲ. "ಟವೆಲ್ ವಾಪಸ್ ಕೊಡೋಕೆ ಬಂದ. ಅಜ್ಜಿ, ಬೇಡ, ನೀನೇ ಇಟ್ಕೋಪ್ಪ ಅಂದ್ಬುಟ್ರು."

ಅಜ್ಜಿ ಧಾರಾಳಿಯಾಗಿರಲಿಲ್ಲ. ಹರಿದ ಸೀರೆಯನ್ನೂ ಬಿಸಾಡದೆ ಕೌದಿಗೆ ಕೂಡಿಡುತ್ತಿದ್ದವರು. ಆ ಟವೆಲ್ ಏಕೆ ಬೇಡವಾಯಿತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವನು ಯಾರ ಪೈಕಿ ಎಂದು ಗೊತ್ತಾದ ಕ್ಷಣವೇ ನಮ್ಮ ಕತೆಯಿಂದ ಅವನು ಹೊರಗೆ ಬಿದ್ದಿದ್ದ. ಅಜ್ಜಿ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವರು, ಅವರನ್ನು ಇವತ್ತಿಗೂ ಪ್ರೀತಿಸುತ್ತೇನೆ, ಆದರೂ ಅವತ್ತು ಅವರ ಮೇಲೆ ಬಂದ ಸಿಟ್ಟನ್ನು ಸುಳ್ಳು ಎನ್ನಲಾರೆ. ಆ ಸಿಟ್ಟನ್ನು ಅಣ್ಣನ ಮೇಲೆ ತೀರಿಸಿಕೊಂಡೆ.

"ಇಷ್ಟು ವರ್ಷ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ, ನಾಚಿಕೆ ಆಗಲ್ವಾ?"

"ನೀನು ಕೇಳಿದ್ಯಾ?" ಎಂದ ಅವನು. ನಿಜ, ಐವತ್ತಮೂರು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.

ನಾಣ್ಯದವರಿಗೆ ಸಂಗತಿ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಕರ್ಸಿ ಮೇಡಂ! ಪ್ರದರ್ಶನದ ದಿನ ವೇದಿಕೆ ಮೇಲೆ ಕೂರ್ಸಿ, ಮೈಸೂರು ಪೇಟ ಹಾಕಿ, ಸನ್ಮಾನ ಮಾಡ್ಬುಡೋಣ." ನನಗೂ ಅದು ಇಷ್ಟವಾಯಿತು ಎಂದು ಒಪ್ಪಿಕೊಳ್ಳಬೇಕು. ಒಂದು ಒಳ್ಳೆಯ ಶಾಲು ತಂದೆ. ಏನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಒಪ್ಪವಾಗಿ ಜೋಡಿಸಿಕೊಂಡೆ. ಅದರಲ್ಲಿ ಜರ್ಮನಿಯೂ ಬಂತು, ಅಂಬಿಗನೂ ಬಂದ, ಋಣವೂ ಬಂತು. ಹುಡುಗಿಯರ ಪಾಠಕ್ಕೆ ಒಂದು ದಿನ ರಜಾ ಕೊಟ್ಟು, ಹಣ್ಣಿನ ಚೀಲ ಶಾಲು ಹಿಡಿದು ನಂಜನಗೂಡು ರಸ್ತೆಯ ಬಸ್ಸು ಹತ್ತಿದೆ.

ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಹಳಬರನ್ನು ಹುಡುಕುವುದು ಸುಲಭವಲ್ಲ ಎಂದುಕೊಂಡಿದ್ದೆ. ಒಂದು ಟೀ ಅಂಗಡಿಯಲ್ಲಿ ಕೇಳಿದೆ: ಐವತ್ತು ವರ್ಷದ ಹಿಂದೆ ಲಾರಿಯಲ್ಲಿ ಕ್ಲೀನರ್ ಆಗಿದ್ದವರು, ನಂಜನಗೂಡಿನ ಹೊಳೆಗೆ ಹಾರಿ ಮಗುವೊಂದನ್ನು ಎತ್ತಿದವರು, ಈಗ ಎಪ್ಪತ್ತರ ಮೇಲಿನವರು. ಅಂಗಡಿಯಾಕೆ ಲೆಕ್ಕ ಹಾಕಿದಳು. ಅಂಥವರು ಮೂವರು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಆಗ ಹುಟ್ಟೂರಲ್ಲೇ ಇದ್ದು, ಮಂಡಕಳ್ಳಿಗೆ ಬಂದದ್ದೇ ಆಮೇಲೆ. "ಇನ್ನ ಉಳಿದೋರು ಆ ಕೊನೆ ಮನೆಯೋರು ಕಣಮ್ಮ. ಬುದ್ಧನ ಫೋಟೋ ಹಾಕವ್ರೆ ನೋಡಿ ಬಾಗ್ಲ ಮೇಲೆ. ಆದ್ರೆ ನೀರಿಗೆ ಹಾರಿದ್ರು ಅಂತೀರಲ್ಲ, ಅವ್ರಿಗೆ ಹೊಳೆ ಅಂದ್ರೇನೇ ಆಗಲ್ಲ."

ತೀರಿಕೊಂಡವನೇ ಅವನಿರಬೇಕು ಎನ್ನಿಸಿತು. ಆದರೂ ಅಷ್ಟು ದೂರ ಬಂದಾಗಿತ್ತು, ಕೊನೆಯ ಮನೆಗೂ ಹೋದೆ.

ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಹಿರಿಯರು ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಎತ್ತರದ ಆಳು, ಮೈ ಒಣಗಿತ್ತು, ತಲೆಗೂದಲು ಪೂರ್ತಿ ಬಿಳಿ. ಯಾರೋ ಬಂದರೆಂದು ಎದ್ದು ನಿಂತರು. ನಾನು ಕೂರಲಿಲ್ಲ.

"ನೀವು ಹಿಂದೆ ಲಾರಿಲಿ ಕ್ಲೀನರ್ ಆಗಿದ್ರಾ?"

"ಹೂಂ ಕಣಮ್ಮ. ಆಮೇಲೆ ಡ್ರೈವರ್ರೂ ಆದೆ. ಯಾಕಮ್ಮ?"

"ನಂಜನಗೂಡಲ್ಲಿ, ಹೊಳೆ ತುಂಬಿದಾಗ, ಒಂದು ಹುಡುಗೀನ ಎತ್ತಿದ್ರಾ? ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಯೋರ ಮಗಳು."

ಅವರ ಕೈಯಿಂದ ಹುರುಳಿಕಾಯಿ ಜಾರಿತು.

"ನೀವು ಆ ಮಗೀನ ಕಡೆಯೋರಾ?"

"ಹೌದು," ಎಂದು ನಾನು ಜೋಡಿಸಿಟ್ಟುಕೊಂಡ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಕೈ ಮುಗಿದರು.

"ತಪ್ಪಾಯ್ತು ಕಣಮ್ಮ," ಎಂದರು. "ನಾನು ತಡ ಮಾಡ್ಬುಟ್ಟೆ."

ನನಗೆ ಏನೂ ಅರ್ಥವಾಗಲಿಲ್ಲ. ಅವರು ತಲೆ ತಗ್ಗಿಸಿಕೊಂಡು, ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತನ್ನು ಹೇಳುವವರಂತೆ, ಒಂದೇ ಸಮನೆ ಹೇಳಿದರು.

"ಮಗ ಜಾರಿದ್ದು ನನ್ನ ಕಣ್ಣಿಗೆ ಮೊದ್ಲೇ ಬಿತ್ತು. ಆದ್ರೆ ಮೇಲಿನ ಮೆಟ್ಲಲ್ಲಿ ಅಷ್ಟೊಂದು ಜನ ಇದ್ರಲ್ಲ, ನಿಮ್ಮೋರೇ ಯಾರಾದ್ರೂ ಇಳೀತಾರೆ ಅಂತ ಕಾದೆ. ಆ ಮೆಟ್ಲಿಗೆ ನಾವು ಹೋಗಂಗಿರ್ಲಿಲ್ಲ. ನಾನ್ ಮುಟ್ಟುದ್ರೆ ಬೈದಾರು, ಹೊಡೆದಾರು ಅಂತ. ಯಾರೂ ಇಳೀನಿಲ್ಲ. ಆಮೇಲೆ ಹಾರ್ದೆ. ಎತ್ತಿದಾಗ ಉಸ್ರು ಇರ್ಲಿಲ್ಲ ಕಣಮ್ಮ. ಕಾರಲ್ಲಿ ಹಾಕ್ಕೊಂಡು ಹೋದ್ರು. ಹನ್ನೆರಡು ದಿನ ಬುಟ್ಟು, ಮಗ ಎಂಗದೆ ಅಂತ ಕೇಳೋಕೆ ನಿಮ್ಮ ಅಂಗಡಿ ತಾವ ಬಂದೆ. ಎದುರುಗಡೆ ನಿಂತು ನೋಡ್ದೆ. ಯಜಮಾನ್ರೂವೆ, ನಂಗೆ ಟವೆಲ್ ಕೊಟ್ಟ ಹುಡುಗ್ನೂವೆ, ಇಬ್ರೂ ತಲೆ ಬೋಳಿಸ್ಕೊಂಡು ಕೂತಿದ್ರು."

ತಲೆಯ ಮೇಲೆ ಒಂದು ವಿಮಾನ ಹೋಯಿತು. ಆ ಸದ್ದು ಅಡಗುವ ತನಕ ಕಾದು, ಮುಂದಿನ ಮಾತು ಹೇಳಿದರು.

"ಒಳಗೆ ಬರೋಕೆ ಧೈರ್ಯ ಆಗ್ನಿಲ್ಲ. ವಾಪಸ್ ಬಂದ್ಬುಟ್ಟೆ."

ಹನ್ನೆರಡನೆಯ ದಿನ ನನ್ನ ತಂದೆ ಮತ್ತು ಅಣ್ಣನ ತಲೆ ಬೋಳಾಗಿದ್ದದ್ದು ನಿಜ. ಮಗಳು ಉಳಿದರೆ ಮುಡಿ ಕೊಡುತ್ತೇನೆಂದು ಅಮ್ಮ ಹೊತ್ತಿದ್ದಳು. ಹೆಣ್ಣುಮಗು, ಅವಳ ಕೂದಲು ಬೇಡ ಎಂದು ಅಪ್ಪನೂ ಅಣ್ಣನೂ ನನ್ನ ಬದಲು ತಮ್ಮ ತಲೆ ಕೊಟ್ಟಿದ್ದರು. ನಾನು ಬದುಕಿದ ಸಂತೋಷಕ್ಕೆ ಬೋಳಾದ ತಲೆಗಳು ಅವು. ನಾನು ಆಗ ಅಂಗಡಿಯ ಹಿಂದಿನ ಬೀದಿಯ ಮನೆಯಲ್ಲಿ ಜ್ವರ ಬಿಟ್ಟು, ಗಂಜಿ ಬೇಡ, ಉಪ್ಪಿಟ್ಟು ಬೇಕು ಎಂದು ಹಟ ಮಾಡುತ್ತಿದ್ದೆ. ಎದುರಿನ ಬೀದಿಯಲ್ಲಿ ನಿಂತ ಹುಡುಗನಿಗೆ ಆ ತಲೆಗಳಲ್ಲಿ ಕಂಡದ್ದು ಸಾವು. ನಂಜನಗೂಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರು, ಮುಡಿ ಕೊಡುವುದು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ತಪ್ಪು ಮಾಡಿದೆ ಎಂದು ಹೆದರಿದವನಿಗೆ ಹರಕೆ ಹೊಳೆಯುವುದಿಲ್ಲ, ಹೆಣವೇ ಹೊಳೆಯುತ್ತದೆ. ಹೋಗಿ ಕೇಳೋಣವೆಂದರೆ ಒಳಗೆ ಬಾ ಎನ್ನುವವರು ಯಾರಿದ್ದರು?

ಆ ಮೆಟ್ಟಿಲಿನ ಮೇಲಿದ್ದ ಜನದಲ್ಲಿ ನನ್ನವರೂ ಇದ್ದರು. ಅವರು ಇಳಿಯಲಿಲ್ಲ. ಇಳಿದವರು ಐವತ್ತಮೂರು ವರ್ಷ ತಾನು ಕೊಂದೆ ಎಂದುಕೊಂಡು ಬದುಕಿದ್ದಾರೆ. ನನಗೆ ಇಷ್ಟು ನಾಚಿಕೆ ಜನ್ಮದಲ್ಲೇ ಆಗಿರಲಿಲ್ಲ. ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದ ಒಂದು ಮಾತೂ ನಾಲಿಗೆಗೆ ಬರಲಿಲ್ಲ.

"ಅದು ಹರಕೆ ಮುಡಿ," ಎಂದೆ. "ಸಾವಿನದಲ್ಲ. ಯಾರೂ ಸಾಯಲಿಲ್ಲ."

ಅವರು ತಲೆ ಎತ್ತಿದರು.

"ಆ ಹುಡುಗಿ ನಾನೇ," ಎಂದೆ.

ಅವರು ನನ್ನ ಮುಖ ನೋಡಿದರು, ನನ್ನ ನರೆತ ತಲೆ ನೋಡಿದರು, ಕಾಲಿನವರೆಗೂ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದರು.

"ಬಾ ಇಲ್ಲಿ! ಬೇಗ ಬಾ! ಆ ಮಗ ಸತ್ತಿಲ್ವಂತೆ ಕಣೆ. ಬದುಕವ್ಳೆ, ನೋಡ್ ಬಾ, ಇಲ್ಲೇ ನಿಂತವ್ಳೆ!"

ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದರು. ಯಾವ ಮಗು ಎಂದು ಕೇಳಲಿಲ್ಲ. ಆ ಮನೆಯಲ್ಲಿ ನಾನು ಗೊತ್ತಿದ್ದವಳೇ. ಹತ್ತಿರ ಬಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿದರು.

"ನಮ್ಮ ಮೂರು ಮಕ್ಳನ್ನ ಒಂದಿನ ಹೊಳೆ ತಾವ ಹೋಗೋಕೆ ಬುಡ್ಲಿಲ್ಲ ಕಣಮ್ಮ ಇವ್ರು," ಎಂದು ಅಳುತ್ತಲೇ ದೂರು ಹೇಳಿದರು. "ತಾವೂ ಹೋಗ್ನಿಲ್ಲ. ಅಸ್ಥಿ ಬುಡಕ್ಕೂ ದಡದಲ್ಲೇ ನಿಂತಿರೋರು."

ನಾನು ಬಗ್ಗಿ ಆ ಹಿರಿಯರ ಪಾದ ಮುಟ್ಟಲು ಹೋದೆ. ಅವರು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು. "ಅದೆಲ್ಲ ಬ್ಯಾಡ. ಕೂತ್ಕಳಿ, ಮೊದ್ಲು ಕೂತ್ಕಳಿ," ಎಂದು ತಮ್ಮ ಕುರ್ಚಿಯನ್ನೇ ನನ್ನ ಕಡೆ ತಳ್ಳಿದರು. ತಾವು ಜಗಲಿಯ ಕಟ್ಟೆಯ ಮೇಲೆ ಕೂತರು. ನಿಮ್ಮಿಂದ ಬದುಕಿದೆ ಎಂಬ ಒಂದು ಮಾತು ಹೇಳಬೇಕೆಂದು ಬಂದಿದ್ದೆ, ಅದನ್ನು ಇನ್ನೂ ಹೇಳಿರಲಿಲ್ಲ. ಅವರಿಗೆ ಅದು ಬೇಕಾಗಿರಲೂ ಇಲ್ಲ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು ಕೇಳಿದರು.

"ಆವಾಗ ಎಷ್ಟನೇ ಕ್ಲಾಸಲ್ಲಿದ್ರಮ್ಮ?"

"ನಾಲ್ಕು."

"ಪಾಸಾಯ್ತಾ?"

"ಆಯ್ತು."

"ಅಲ್ಲಿಂದ ಹೇಳಿ," ಎಂದರು. "ಒಂದೂ ಬುಡಬ್ಯಾಡಿ."

ನಾನು ಐದನೆಯ ಕ್ಲಾಸಿನಿಂದ ಶುರುಮಾಡಿದೆ.